ಸಿದ್ದಕ್ಕನ ಜಾಗ

ಹನ್ನೊಂದು ದಿನದಿಂದ ಸತ್ಯವ್ವನಿಗೆ ತಿಂದ ರೊಟ್ಟಿ ಮೈಗೆ ಹತ್ತಿರಲಿಲ್ಲ. ಕಾರಣ ಕೇಳಿದರೆ ನಗೆಗೇಡು. ಯಾರೂ ಬಯ್ದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಒಂದು ಕಾಗದ ಬಂದಿತ್ತು, ಅದೂ ಒಳ್ಳೆಯ ಸುದ್ದಿಯ ಕಾಗದ. ರಬಕವಿಯ ಮಿಶನ್ ದವಾಖಾನೆಯನ್ನು ಹತ್ತೊಂಬತ್ತು ವರ್ಷ ನಡೆಸಿ ಮುಪ್ಪಿಗೆ ತಮ್ಮ ದೇಶ ಸೇರಿದ್ದ ಹೆಲೆನ್ ಮಿಸ್ಸಮ್ಮ ಬರೆದದ್ದು. ಅವರೀಗ ಲಿವರ್‌ಪೂಲ್ ಎಂಬ ಬಂದರಿನ ಊರಿನಲ್ಲಿ, ಮನೆಮಠವಿಲ್ಲದೆ ಬೀದಿಯಲ್ಲಿ ಮಲಗುವವರಿಗಾಗಿ ಒಂದು ಆಸರೆಯ ಮನೆ ನಡೆಸುತ್ತಿದ್ದರು. 'ಹತ್ತೊಂಬತ್ತು ವರುಷ ನಾನು ನಿಮ್ಮ ಬೀದಿಗಳಲ್ಲಿ ನಡೆದೆನು, ಈಗ ನೀನು ನಮ್ಮ ಬೀದಿಗಳಲ್ಲಿ ನಡೆಯಲು ಬಾ' ಎಂದು ಹೋದ ವರ್ಷ ಕರೆದಿದ್ದರು. ಅಲ್ಲಿಯ ಕಮಿಟಿ ಕೇಳಿದ್ದು ಒಂದೇ: ಮನೆಯಿಲ್ಲದ ಒಬ್ಬರಿಗಾದರೂ ಈಕೆ ತನ್ನ ಊರಿನಲ್ಲಿ ಏನು ಮಾಡಿದ್ದಾಳೆ, ಅದರ ಸಾಕ್ಷಿ ಬರೆದು ಕಳಿಸಲಿ. ಸತ್ಯವ್ವ ಕಳಿಸಿದ್ದಳು. ಈಗ ಉತ್ತರ ಬಂದಿತ್ತು. 'ಪ್ರಿಯ ಸಹೋದರಿಯೇ, ನಿನ್ನ ಸಾಕ್ಷಿಯನ್ನು ಕಮಿಟಿಯವರ ಮುಂದೆ ಓದಿದೆನು. ಅವರ ಕಣ್ಣುಗಳು ತೇವವಾದವು. ನಿನ್ನನ್ನು ಕರೆಯಿಸಿಕೊಳ್ಳಲು ಎಲ್ಲರೂ ಒಪ್ಪಿದ್ದಾರೆ. ಒಬ್ಬ ಮುದುಕರು ಮಾತ್ರ, ಆ ಸಿದ್ದಕ್ಕನೆಂಬ ಸ್ತ್ರೀಯು ಈಗ ಹೇಗಿದ್ದಾಳೆ ಎಂದು ಕೇಳಿದರು. ನನಗೂ ತಿಳಿಯುವ ಆಶೆ ಇದೆ. ತಿಂಗಳ ಕೊನೆಯೊಳಗೆ ಬರೆ.' ಸತ್ಯವ್ವ ಕಾಗದವನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಅದೊಂದು ತಪ್ಪು ಮಾಡಿದಳು ನೋಡಿ, ಯಾಕೆಂದರೆ ರೊಟ್ಟಿ ಬಡಿಯಲು ದಿನಕ್ಕೆರಡು ಸಲ ಆ ಡಬ್ಬಿ ತೆಗೆಯುವವಳು ಅವಳೇ.

ಹನ್ನೆರಡನೆಯ ದಿನ ಮುಂಜಾನೆ ಅವಳು ಸೀರೆ ಬದಲಿಸಿ, ಚೀಲದಲ್ಲಿ ವಿಮಾನದ ಟಪಾಲಿನ ಒಂದು ಖಾಲಿ ನೀಲಿ ಕಾಗದ, ಒಂದು ಪೆನ್ನು, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ ಇಟ್ಟುಕೊಂಡು, ಜಮಖಂಡಿಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬರುತ್ತೇನೆ ಎಂದಳು. ಹೊರಟಿದ್ದು ಬೀಳಗಿಗೆ. ಸುಳ್ಳಿನ ಬಾಲಕ್ಕೆ ಇನ್ನೊಂದು ಸುಳ್ಳು ಕಟ್ಟಿ ಹೊರಟೆನಲ್ಲ ಅಂತ ಅವಳಿಗೇ ಅನ್ನಿಸಿತು. ಅಣ್ಣನ ಹೆಂಡತಿ, ವೈನಿ ಅನ್ನವ್ವ, ನೂಲಿನ ಕಂಡಿಕೆ ಸುತ್ತುತ್ತಿದ್ದ ರಾಟೆ ನಿಲ್ಲಿಸಿ, "ಅಲ್ಲಬೇ ಸತ್ಯವ್ವಾ, ನನಗ ಇವತ್ತಿನತನಾ ಒಂದು ತಿಳಿವಲ್ದು. ಬಿಳೀ ಮಂದಿಗೂ ಮನಿ ಇರಂಗಿಲ್ಲಂದ್ರ ಏನು? ಅಷ್ಟಷ್ಟು ದೊಡ್ಡ ಬಂಗ್ಲೆ ಕಟ್ಟಿಸಿ ಯಾರನ್ನ ಇಟ್ಟಾರ ಅದರಾಗ?" ಎಂದಳು. ಓಣಿಯವರೆಲ್ಲ ಮೂರು ತಿಂಗಳಿಂದ ಕೇಳುತ್ತಿದ್ದ ಪ್ರಶ್ನೆಯೇ ಅದು. ಒಳಗಿನ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತಿದ್ದ ಅಣ್ಣ ಪರಸಪ್ಪ ಲಾಳಿ ಹೊಡೆಯುವುದನ್ನು ಬಿಡದೆ, "ಯಾರನ್ನರ ಇಟ್ಟಿರಲಿ. ನಮ್ಮ ಓಣ್ಯಾಗ ಮಲಗಾವ್ರನ್ನ ಎಬ್ಬಿಸಿ ಎಬ್ಬಿಸಿ ಈಕಿಗೆ ರೂಢಿ ಐತಿ, ಅದಕ್ಕ ಕರಸಾಕತ್ತಾರ" ಎಂದು ನಕ್ಕ. ಪಾಪ, ಚೇಷ್ಟೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸತ್ಯವ್ವನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಏನೂ ಅಂಟಿರಲಿಲ್ಲ ಅಲ್ಲಿ.

ಹೊರಗೆ ಓಣಿಯಲ್ಲಿ ಪಾಳಿ ಬಂದ ಮನೆಯವರು ಹಾಸು ಹಿಡಿದಿದ್ದರು. ನೇಕಾರರ ಓಣಿಯಲ್ಲಿ ಬೆಳಗೆಂದರೆ ಇದೇ. ಸೀರೆಯ ಉದ್ದದ ಎಳೆಗಳನ್ನೆಲ್ಲ ಒಟ್ಟು ಹಿಡಿದ ಹಾಸನ್ನು ಗಂಜಿಯಲ್ಲಿ ಅದ್ದಿ, ಬೀದಿಯ ಈ ತುದಿಯಿಂದ ಆ ತುದಿಗೆ ಗೂಟ ಹೊಡೆದು ಎಳೆದು ಕಟ್ಟಿ, ಇಬ್ಬರು ಆಚೆ ಇಬ್ಬರು ಈಚೆ ನಿಂತು ಕುಂಚದಿಂದ ಸವರುತ್ತ, ಬಿಸಿಲೇರುವುದರೊಳಗೆ ಒಣಗಿಸಬೇಕು. ಗಂಜಿ ಕುಡಿದ ಹಾಸು ಯಾರಿಗೂ ಕಾಯುವುದಿಲ್ಲ. ತಡವಾದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ, ತಿಂಗಳ ಕೂಳು ಹೋಗುತ್ತದೆ. ಆ ದಿನ ತಪ್ಪಿದರೆ ಪಾಳಿ ಮತ್ತೆ ಬರುವುದು ಎಂಟು ದಿನಕ್ಕೆ. ಅದಕ್ಕಾಗಿ ಓಣಿಯಲ್ಲಿ ಮಲಗುವ ದಿಕ್ಕಿಲ್ಲದವರೆಲ್ಲ ಮೊದಲ ಕೋಳಿಗೇ ಎದ್ದು ಚಾಪೆ ಸುತ್ತಿಕೊಂಡು ಹೋಗಬೇಕೆಂಬುದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ. ಸತ್ಯವ್ವ ಹಾಸಿನ ಬದಿಗೆ ಸರಿದು, ಗೋಡೆ ಹಿಡಿದು ನಡೆದಳು. ಗಂಜಿಯ ಹಸಿ ವಾಸನೆ ಮೂಗಿಗೆ ಬಡಿಯಿತು. ಬೇವಿನ ಗಿಡದ ಬುಡದಲ್ಲಿ ಯಾರೂ ಮಲಗಿರಲಿಲ್ಲ, ಆದರೂ ಅವಳು ಅಲ್ಲಿ ಕಾಲು ತಪ್ಪಿಸಿ ದಾಟಿದಳು.

ಆ ದಿನ ಸಿದ್ದಕ್ಕ ಎದ್ದಿರಲಿಲ್ಲ. ನಾಲ್ಕು ವರ್ಷವಾಯಿತು ಅದಕ್ಕೆ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತ ಸತ್ಯವ್ವನಿಗೆ ಮಾತ್ರ ಇನ್ನೂ ಆ ಬೆಳಗು ಮುಗಿದಿರಲಿಲ್ಲ. ಪಾಳಿ ಅವರ ಮನೆಯದು. ಮದುವೆ ದಿನಗಳ ಸೀರೆಯ ಹಾಸು. ಎಂಟು ಮಂದಿ ಹಾಸಿನ ಎರಡೂ ತುದಿ ಹಿಡಿದು ನಿಂತಿದ್ದಾರೆ, ಮೊಣಕೈಯಿಂದ ಗಂಜಿ ತೊಟ್ಟಿಕ್ಕುತ್ತಿದೆ, ಗೂಟ ಹೊಡೆಯಬೇಕಾದ ಜಾಗದಲ್ಲೇ ಬೇವಿನ ಬುಡಕ್ಕೆ ಆ ಹೆಂಗಸು ಮುದುಡಿ ಮಲಗಿದ್ದಾಳೆ. ಎಲ್ಲಿಂದಲೋ ಬಂದವಳು, ಒಂದು ವರ್ಷದಿಂದ ಓಣಿಯಲ್ಲಿ ಬಿದ್ದುಕೊಂಡಿದ್ದವಳು, ಯಾರದೋ ಮನೆಯ ಮುಸುರೆ ತಿಕ್ಕಿ ಯಾರದೋ ಮನೆಯ ರೊಟ್ಟಿ ತಿನ್ನುವವಳು. "ಸತ್ಯವ್ವಾ, ನೀ ಹೋಗಿ ಎಬ್ಬಿಸಬೇ, ನಿನ್ನ ಮಾತು ಮೆತ್ತಗ" ಎಂದರು. ಹೋದಳು. ಬಾಗಿ ಹಣೆ ಮುಟ್ಟಿದಳು. ಹದಿನಾಲ್ಕು ವರ್ಷ ದವಾಖಾನೆಯಲ್ಲಿ ಆಯಾ ಆಗಿದ್ದ ಕೈ ಅದು. ಥರ್ಮಾಮೀಟರು ಇಡುವುದೇ ಬೇಡ, ನೂರಾ ಮೂರು, ಕಮ್ಮಿಯಿಲ್ಲ. ಅದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದೇ ಇಷ್ಟು ವರ್ಷ ಗಂಟಲಲ್ಲಿ ಮುಳ್ಳಾಗಿ ನಿಂತದ್ದು. ಯಾಕೆಂದರೆ ಎದ್ದು ನಿಂತು, ಕಾಯುತ್ತಿದ್ದ ಎಂಟು ಮಂದಿಗೆ ಅವಳು ಹೇಳಿದ್ದು, "ಏನಿಲ್ಲ, ಸೋಗು ಮಾಡಾಕತ್ತಾಳ" ಎಂದು.

ಹಾಗೆ ಹೇಳಿದ ಮೇಲೆ ಉಳಿದದ್ದೆಲ್ಲ ಸಲೀಸು. ಪಕ್ಕದಲ್ಲಿದ್ದ ಬೋಗುಣಿಯ ತಳದಲ್ಲಿ ಗಂಜಿ ಉಳಿದಿತ್ತು. ಎತ್ತಿ ಸುರಿದಳು. ಸಿದ್ದಕ್ಕ ಎದ್ದು ಕೂತಳು, ಕಣ್ಣಿನ ಮೇಲಿಂದ ಗಂಜಿ ಒರೆಸಿಕೊಂಡಳು. ಗೂಟ ಬಿತ್ತು, ಹಾಸು ಏರಿತು. ಆಮೇಲೆ ಕರುಣೆಯೋ, ಅಂಜಿಕೆಯೋ, ಈಕೆ ಇಲ್ಲೇ ಸತ್ತರೆ ಓಣಿಗೆ ಕೆಟ್ಟ ಹೆಸರು ಎಂಬ ಲೆಕ್ಕವೋ, ಸತ್ಯವ್ವ ಅವಳನ್ನು ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಸಿ, ಬೀಳಗಿಯ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ ಕೂರಿಸಿದಳು. ಬೀಳಗಿ ಎಂಬ ಮಾತು ಒಮ್ಮೆ ಅವಳ ಬಾಯಲ್ಲಿ ಬಂದದ್ದು ನೆನಪಿತ್ತು. ಕಂಡಕ್ಟರು, "ಆರಾಮ ಇಲ್ಲೇನ್ರಿ ಈ ಯವ್ವಗ?" ಎಂದ. "ಏನಿಲ್ರೀ, ಬೀಳಗ್ಯಾಗ ಆಕಿ ಮಂದಿ ಬಂದು ಇಳಿಸಿಕೊಳ್ತಾರ" ಎಂದಳು. ಕಿಟಕಿಯಲ್ಲಿ ಸಿದ್ದಕ್ಕನ ಕೂದಲು ಗಾಳಿಗೆ ಒಣಗಿ, ಹೊಸ ಸೀರೆಯ ಅಂಚಿನ ಹಾಗೆ ಸೆಟೆದು ನಿಂತಿತ್ತು. ಬಸ್ಸು ಹೊರಟಾಗ ಸತ್ಯವ್ವ ಕೈ ಬೀಸಿದಳು ಬೇರೆ. ಹಾಸು ಆ ದಿನ ಎಷ್ಟು ಹದವಾಗಿ ಒಣಗಿತ್ತೆಂದರೆ ಪರಸಪ್ಪ ನಾಲ್ಕು ದಿನ ಅದನ್ನೇ ಹೇಳಿಕೊಂಡು ತಿರುಗಿದ.

ಜಮಖಂಡಿಯಲ್ಲಿ ಬಸ್ಸು ಅರ್ಧ ಖಾಲಿಯಾಗಿ ಮತ್ತೆ ತುಂಬಿತು. ಫೋಟೋ ಸ್ಟುಡಿಯೋದ ಬೋರ್ಡು ಕಿಟಕಿಯಿಂದ ಕಂಡಿತು, ಇಳಿದುಬಿಡಲೇ ಅಂದುಕೊಂಡಳು. ಇಳಿದು, ಒಂದು ಫೋಟೋ ತೆಗೆಸಿ, ಸಿದ್ದಕ್ಕ ಸುಖವಾಗಿದ್ದಾಳೆ ಎಂದು ಎರಡು ಸಾಲು ಬರೆದು ಹಾಕಿದರೆ ಮುಗಿಯಿತು. ಯಾರು ಬಂದು ನೋಡುತ್ತಾರೆ? ಸಾಕ್ಷಿ ಬರೆದ ದಿನವೂ ಹೀಗೇ ಅನ್ನಿಸಿತ್ತು. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ದವಾಖಾನೆಯ ಮೇಜಿನ ಮುಂದೆ ಕೂತು, ದೇವರಾಣೆಗೂ ಖರೆಯನ್ನೇ ಬರೆಯಬೇಕೆಂದು ಶುರು ಮಾಡಿದ್ದಳು. 'ನಮ್ಮ ಓಣಿಯಲ್ಲಿ ಸಿದ್ದಕ್ಕನೆಂಬ ಮನೆಯಿಲ್ಲದ ಸ್ತ್ರೀಯು ಇದ್ದಳು.' ಖರೆ. 'ಒಂದು ದಿನ ಅವಳಿಗೆ ಜ್ವರ ಬಂತು.' ಖರೆ. 'ನಾನು ಅವಳ ಹಣೆಯನ್ನು ಮುಟ್ಟಿದೆನು.' ಅದೂ ಖರೆ. ಅಲ್ಲಿಂದ ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ ತಾನೇ ಹೊರಟಿತು. 'ಅವಳ ಮೈ ತೊಳೆದೆನು. ಹಾಲು ಕುಡಿಸಿದೆನು. ಅವಳ ಬಂಧುಗಳನ್ನು ವಿಚಾರಿಸಿ, ಬೀಳಗಿಗೆ ಕರೆದೊಯ್ದು ಅವರ ಕೈಗೆ ಒಪ್ಪಿಸಿದೆನು.' ಬರೆದು ಮುಗಿಸಿ ತಾನೇ ಓದಿ ತಾನೇ ಅತ್ತಳು. ಅಳು ಸುಳ್ಳಾಗಿರಲಿಲ್ಲ, ಅದೇ ದೊಡ್ಡ ಕೇಡು. ಹಾಗೆ ಮಾಡಬೇಕಾಗಿತ್ತೆಂದು ಅವಳಿಗೆ ಅಷ್ಟು ಆಸೆಯಿತ್ತು.

ಹಾಗಂತ ಅವಳಿಗೆ ಬಂದ ದೇವರ ಕರೆ ಸುಳ್ಳೆಂದು ಯಾರಾದರೂ ಅಂದರೆ ಅದೂ ಸರಿಯಲ್ಲ. ಆ ಬೆಳಗಿನ ನಂತರ ಅವಳಿಗೆ ದಾರಿಯಲ್ಲಿ ಮಲಗಿದವರನ್ನು ದಾಟಿ ಹೋಗಲು ಆಗುತ್ತಿರಲಿಲ್ಲ. ಸಂತೆಯ ಕಟ್ಟೆ, ಗುಡಿಯ ಪೌಳಿ, ಬನಹಟ್ಟಿಯ ಗಿರಣಿಯ ಗೋಡೆಯ ನೆರಳು, ಎಲ್ಲಿ ಯಾರು ಬಿದ್ದಿದ್ದರೂ ನಿಂತು ಹಣೆ ಮುಟ್ಟಿ ನೋಡುವಳು. ಕೆಲವರು ಕಳ್ಳಿಯೆಂದು ಬಡಿದು ಎದ್ದರು. ಮಿಸ್ಸಮ್ಮನ ಮೊದಲ ಕಾಗದ ಬಂದಾಗ, ದೇವರು ಇಷ್ಟು ದೂರದಿಂದ ತನ್ನ ಹೆಸರು ಹಿಡಿದು ಕರೆದ ಎಂದು ಮೈ ಜುಮ್ಮೆಂದಿತ್ತು. ಅದರ ಜೊತೆಗೇ ಇನ್ನೊಂದು ಮಾತೂ ಇತ್ತು, ಅದನ್ನು ಪ್ರಾರ್ಥನೆಯಲ್ಲೂ ಹೇಳಿರಲಿಲ್ಲ. ನಲವತ್ತೊಂದು ವಯಸ್ಸು, ಮದುವೆಯಾಗಿಲ್ಲ, ಅಣ್ಣನ ಮನೆಯಲ್ಲಿ ಮಗ್ಗದ ಪಕ್ಕದ ಗೋಡೆಗೊಂದು ಟ್ರಂಕು, ಅದರ ಮೇಲೊಂದು ಹಾಸಿಗೆ ಸುರುಳಿ. ನೆಂಟರು ಬಂದರೆ ಸುರುಳಿ ಅಡುಗೆಮನೆಗೆ ಹೋಗುತ್ತಿತ್ತು. ವೈನಿ ಒಳ್ಳೆಯವಳೇ, ಒಂದು ದಿನ ಬಾಯಿ ಬಿಟ್ಟು ಆಡಿದವಳಲ್ಲ. ಆದರೂ ಸತ್ಯವ್ವ ಮನೆಯವರಿಗಿಂತ ಮುಂಚೆ ಎದ್ದು ಸುರುಳಿ ಸುತ್ತಿಬಿಡುವಳು. ಲಿವರ್‌ಪೂಲಿನಲ್ಲಿ ತನಗೊಂದು ಕೋಣೆ ಕೊಡುತ್ತಾರೆ ಎಂದು ಮಿಸ್ಸಮ್ಮ ಬರೆದಿದ್ದ ಸಾಲನ್ನು ಅವಳು ಬಹಳ ಸಲ ಓದಿದ್ದಳು. ಸುಳ್ಳು ಒಪ್ಪಿಕೊಂಡರೆ ಆ ಕೋಣೆಯೂ ಹೋಯಿತು, ಕರೆಯೂ ಹೋಯಿತು. ಒಪ್ಪಿಕೊಳ್ಳದಿದ್ದರೆ ಅಲ್ಲಿ ಮಲಗಿದ ಒಬ್ಬೊಬ್ಬರ ಮುಖವೂ ಸಿದ್ದಕ್ಕನದೇ.

ಆ ಹೊತ್ತಿಗೆ ಬೀಳಗಿಗೆ ನೇರ ಬಸ್ಸು ಇರಲಿಲ್ಲ, ಮುಧೋಳದಲ್ಲಿ ಬದಲಿಸಬೇಕಾಗಿತ್ತು. ಅಲ್ಲಿ ಒಂದು ತಾಸು ಕಾಯುವಾಗ, ಚಪ್ಪರದ ಕೆಳಗೆ ಉದ್ದ ಮೂತಿಯ ಒಂದು ಬೇಟೆನಾಯಿಯನ್ನು ಸರಪಳಿಯಲ್ಲಿ ಹಿಡಿದವನೊಬ್ಬ, ಅದಕ್ಕೆ ತನ್ನ ಧೋತರದ ಚುಂಗನ್ನೇ ಹಾಸಿ ಮಲಗಿಸುತ್ತಿದ್ದದ್ದನ್ನು ನೋಡುತ್ತ ನಿಂತಾಗ, ಅವಳ ಮನಸ್ಸಿಗೆ ಒಂದು ಯೋಚನೆ ಬಂತು: ಆಕೆ ಸತ್ತಿದ್ದರೆ ಎಷ್ಟು ಚೆನ್ನ. ಸಿದ್ದಕ್ಕ ಕರ್ತನಲ್ಲಿ ನಿದ್ರೆಹೋಗಿದ್ದಾಳೆ ಎಂದು ಬರೆಯಬಹುದು. ಅದು ಖರೆಯೇ ಆಗುತ್ತದೆ. ಕಮಿಟಿಯ ಮುದುಕರು ಒಂದು ಗಳಿಗೆ ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಯೋಚನೆ ಬಂದದ್ದಲ್ಲ, ಅದು ಬಂದಾಗ ಎದೆ ಹಗುರಾದದ್ದು ಅವಳನ್ನು ಹೆದರಿಸಿತು. ಅಯ್ಯೋ ನನ್ನ ದೇವರೇ, ನಾಲ್ಕು ವರ್ಷದ ಹಿಂದೆ ಅರ್ಧ ಕೊಂದವಳನ್ನು ಇವತ್ತು ಪೂರ್ತಿ ಕೊಲ್ಲಲು ಹೊರಟೆನಲ್ಲ! ಬೀಳಗಿಯ ಬಸ್ಸು ಬಂದಾಗ ಎಲ್ಲರಿಗಿಂತ ಮೊದಲು ಹತ್ತಿ, ಇಳಿದುಹೋಗಲು ಆಗದ ಹಾಗೆ ಕಿಟಕಿಯ ಮೂಲೆಗೆ ಸರಿದು ಕೂತಳು.

ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚಹದ ಅಂಗಡಿಯವನನ್ನು ಕೇಳಿದಳು. ಸಿದ್ದಕ್ಕ ಅಂತ, ನಾಲ್ಕು ವರ್ಷದ ಕೆಳಗೆ, ರಬಕವಿ ಬಸ್ಸಿನಲ್ಲಿ, ಜ್ವರ ಬಂದು... ಅವನು ಪೂರ್ತಿ ಕೇಳಲೇ ಇಲ್ಲ. "ಬಾಯಿ ಜೋರಿನ ಸಿದ್ದಕ್ಕ ಏನ್ರೀ? ಅಕಾ, ಅಲ್ಲಿ ಬೋರ್ಡಿನ ಕೆಳಗ ಕುಂತಾಳಲ್ರೀ. ಸಾಲಾ ಕೇಳಾಕ ಬಂದೀರೇನು? ಕೊಡೂದಿಲ್ರೀ ಆಕಿ." ಬಸ್ಸಿನ ವೇಳೆ ಬರೆದ ಬೋರ್ಡಿನ ಕೆಳಗೆ, ಎರಡು ಗೋಡೆ ಕೂಡುವ ಮೂಲೆಯಲ್ಲಿ, ಗೋಣಿತಟ್ಟಿನ ಮೇಲೆ ಕೂತು ಒಬ್ಬ ಹೆಂಗಸು ಈಚಲ ಗರಿಯ ಕಸಬರಿಗೆ ಕಟ್ಟುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು, ಮೈ ತುಂಬಿತ್ತು. ಬದುಕಿದ್ದಾಳೆ ಎಂಬ ಸಂತೋಷ ಅಷ್ಟು ಜೋರಾಗಿ ಬಂತು, ಅದರ ಬೆನ್ನಿಗೇ ಬಂದ ಅಂಜಿಕೆ ಅದಕ್ಕಿಂತ ಜೋರಾಗಿತ್ತು. ಗುರುತು ಹಿಡಿಯದಿದ್ದರೆ ಹೇಗೆ, ಹಿಡಿದರೆ ಹೇಗೆ ಎಂದು ಲೆಕ್ಕ ಹಾಕುತ್ತ ಹತ್ತಿರ ಹೋಗಿ ನಿಂತಳು. ಹೆಂಗಸು ತಲೆ ಎತ್ತಿದಳು. ಒಂದು ಗಳಿಗೆ, ಅಷ್ಟೇ.

"ನೀನಽ ಅಲ್ಲೇನಬೇ, ನನ್ನ ತಲೀ ಮ್ಯಾಲ ಗಂಜಿ ಸುರುವಿದಾಕಿ?"

ಬಸ್‌ಸ್ಟ್ಯಾಂಡಿನಲ್ಲಿದ್ದ ಇಪ್ಪತ್ತು ಮೂವತ್ತು ಮಂದಿ ತಿರುಗಿ ನೋಡಿದರು. ಸತ್ಯವ್ವನಿಗೆ ಮುಚ್ಚಿಕೊಳ್ಳಲು ಏನೂ ಉಳಿಯಲಿಲ್ಲ. "ಹೌದು ಯಕ್ಕಾ, ನಾನಽ" ಎಂದಳು. ಆಮೇಲೆ ಸಿದ್ದಕ್ಕ ಬಾಯಿ ಬಿಟ್ಟಳು ನೋಡಿ, ಚಹದವನು ಸುಮ್ಮನೆ ಹೆಸರಿಟ್ಟಿರಲಿಲ್ಲ. ನಿನ್ನ ಕೈ ಸೇದಿಹೋಗಲಿ, ನಿನ್ನ ಹಾಸಿಗೆ ಗೊರಲಿ ಹುಳಾ ಹತ್ತಲಿ, ಗಂಜಿ ಸುರುವೋದು ಸುರುವಿದಿ, ಬಿಸಿ ಗಂಜಿನಾದ್ರೂ ಸುರುವಬಾರದೇನ, ಥಂಡಿ ಹತ್ತಿ ಮೂರು ದಿನಾ ಇಲ್ಲೇ ನಾಯಿ ಬಿದ್ದಂಗ ಬಿದ್ದಿದ್ದೆ. "ಕಸಾ ಹೊಡಿಯೋ ಯಂಕವ್ವ ಮುದುಕಿ ಗುಳಿಗಿ ತಂದು ಕೊಟ್ಲು, ಚಹಾ ಕುಡಿಸಿದ್ಲು. ಆಕಿ ಸತ್ತ ಮ್ಯಾಲ ಆಕಿ ಜಾಗಾ ನನಗ ಬಂತು. ನಿನ್ನ ದೇವ್ರು ನಿನ್ನ ಕಡಿಂದ ಏನೂ ಮಾಡಿಸಲಿಲ್ಲ, ತಿಳೀತೇನು?" ಸತ್ಯವ್ವ, "ನಿನ್ನ ಮಂದಿ ಇಲ್ಲಿ ಅದಾರಂತ ತಿಳದಿದ್ದೆ ಯಕ್ಕಾ. ಬೀಳಗಿ ಅಂತ ನೀನಽ ಒಮ್ಮೆ ಅಂದಿದ್ದಿ" ಎಂದಳು. ಸಿದ್ದಕ್ಕ ಕೈಯಲ್ಲಿದ್ದ ಗರಿ ಕೆಳಗಿಟ್ಟಳು. "ನನ್ನ ಗಂಡನ್ನ ಹುಗದದ್ದು ಬೀಳಗ್ಯಾಗ ಅಂದಿದ್ದೆ. ಮಂದಿ ಅದಾರ, ಇಲ್ಲಂದೇನ? ನೆಲದ ಕೆಳಗ ಅದಾರ." ಯಾರೋ ನಕ್ಕರು. ಸತ್ಯವ್ವನ ಕಿವಿ ಸುಡುತ್ತಿದ್ದವು, ಕಣ್ಣಲ್ಲಿ ನೀರು ತುಂಬಿತ್ತು. ಆದರೆ ಬೈಗುಳ ಒಂದೊಂದೂ ಬಂದು ಬಿದ್ದ ಹಾಗೆ ಒಳಗೆ ಏನೋ ಸಡಿಲವಾಗುತ್ತಿತ್ತು. ಆ ತಪ್ಪಿಗೆ ನಾಲ್ಕು ವರ್ಷ ಅವಳನ್ನು ಯಾರೂ ಬಯ್ದಿರಲಿಲ್ಲ. ಎಲ್ಲರೂ ಹೊಗಳಿದ್ದರು.

"ತಪ್ಪಾತು ಯಕ್ಕಾ" ಎಂದು ಕಾಲಿಗೆ ಬಾಗಲು ಹೋದಳು. ಸಿದ್ದಕ್ಕ ಕಾಲು ಎಳೆದುಕೊಂಡು, "ಏ, ಸರಿ ಅತ್ತಾಗ, ಗರಿ ತುಳಿಬ್ಯಾಡ" ಎಂದಳು. ರಬಕವಿಗೆ ಬಾ, ನಾನು ನೋಡಿಕೊಳ್ಳುತ್ತೇನೆ ಅಂದದ್ದಕ್ಕೆ, "ನಿನ್ನ ಕೂಡ? ಮುಂಜಾನೆದ್ದು ಮತ್ತ ಗಂಜಿ ಸುರುವಿಸಿಕೊಳ್ಳಾಕ?" ಎಂದಳು. ಚೀಲದ ರೊಟ್ಟಿ ಕೊಟ್ಟಾಗ ಮಾತ್ರ ಬೇಡ ಎನ್ನದೆ ತೆಗೆದುಕೊಂಡಳು, ತಿಂದಳು, ಪಲ್ಯ ಯಾಕೆ ತಂದಿಲ್ಲ ಎಂದು ಕೇಳಿದಳು. ಕೈ ಒರೆಸಿಕೊಂಡು, ಈ ಹೆಂಗಸು ಇನ್ನೂ ಇಲ್ಲೇ ನಿಂತಿದ್ದಾಳಲ್ಲ ಎಂಬಂತೆ ಮೇಲೆ ಕೆಳಗೆ ನೋಡಿ, ಮೊದಲ ಸಲ ದನಿ ಇಳಿಸಿದಳು. "ಒಂದ ಕೆಲಸಾ ಮಾಡ್ತೀಯೇನು? ಇಲ್ಲಿ ಕುಂಡ್ರು. ಹಳ್ಳಕ್ಕ ಹೋಗಿ ಮೈ ತೊಳಕೊಂಡು ಬರತೇನಿ. ಒಂಬತ್ತು ದಿನಾತು. ಜಾಗಾ ಬಿಟ್ಟು ಹ್ವಾದ್ರ ಆ ಬಳಿಗಾರ ಅಮಸಿದ್ದಪ್ಪ ಬಂದು ಕುಂಡ್ರತಾನ, ಒಮ್ಮೆ ಕುಂತಾ ಅಂದ್ರ ಏಳಂಗಿಲ್ಲ. ನಾ ಬರೂತನಾ ಏಳಬ್ಯಾಡ. ಯಾರ ಬಂದ್ರೂ ಏಳಬ್ಯಾಡ." ಹೇಳಿ, ಗಂಟಿನಿಂದ ಒಂದು ಸೀರೆ ಎಳೆದು ಹೆಗಲಿಗೆ ಹಾಕಿಕೊಂಡು, ತಿರುಗಿಯೂ ನೋಡದೆ ಹೋದಳು.

ಸತ್ಯವ್ವ ಗೋಣಿತಟ್ಟಿನ ಮೇಲೆ ಕೂತಳು. ಎರಡು ಗೋಡೆ ಕೂಡುವ ಆ ಮೂಲೆಯಲ್ಲಿ ಬೆನ್ನಿಗೂ ಆಸರೆ, ಎಡಕ್ಕೂ ಆಸರೆ. ಬಿಸಿಲು ಮೊಣಕಾಲಿನ ತನಕ ಬಂದು ನಿಲ್ಲುತ್ತಿತ್ತು. ಒಳ್ಳೆಯ ಜಾಗ. ಹೀಗೆ ಕೆಳಗೆ ಕೂತರೆ ಊರೆಂಬುದು ಬರೀ ಕಾಲು ಎಂದು ಅವಳಿಗೆ ಗೊತ್ತಿರಲಿಲ್ಲ. ಚಪ್ಪಲಿ ಹರಿದ ಕಾಲು, ಉಂಗುರ ಹಾಕಿದ ಕಾಲು, ಸಾಲಿ ಹುಡುಗಿಯರ ಬಿಳಿ ಧೂಳಿನ ಕಾಲು, ಹತ್ತಿರ ಬಂದು ಅವಳನ್ನು ಕಂಡು ಚೂರು ದೂರ ಸರಿದು ಹೋಗುವ ಕಾಲು. ಹಣೆ ಮುಟ್ಟಿ ನೋಡುತ್ತಿದ್ದಳಲ್ಲ ತಾನು, ಬಾಗಿ ಬಂದ ತನ್ನ ಮುಖ ಅವರಿಗೆ ಹೇಗೆ ಕಂಡಿರಬೇಕು? ಕಳ್ಳಿಯೆಂದು ಬಡಿದದ್ದು ತಪ್ಪೇನಲ್ಲ. ಅಷ್ಟರಲ್ಲಿ ಬಳೆಯ ಮಲಾರ ಹೊತ್ತ ಒಬ್ಬ ಗಂಡಸು ಎದುರಿಗೆ ಬಂದು ನಿಂತ. "ಸಿದ್ದಕ್ಕ ಊರು ಬಿಟ್ಟಳೇನು? ಹಂಗಾರ ಏಳವ್ವಾ, ಇದು ನನ್ನ ಜಾಗಾ" ಎಂದ. ಅಮಸಿದ್ದಪ್ಪ. ಸತ್ಯವ್ವ ಮೆತ್ತಗಿನ ದನಿಯಲ್ಲಿ, ಆಕೆ ಈಗ ಬರುತ್ತಾಳೆ ಎಂದಳು. ಅವನು ಮಲಾರ ಇಳಿಸತೊಡಗಿದ. ಇನ್ನೊಮ್ಮೆ ಹೇಳಿದಳು. ಅವನು ಗೋಣಿತಟ್ಟಿನ ಒಂದು ಚುಂಗು ಹಿಡಿದು ಎಳೆದ. ಆಗ ಸತ್ಯವ್ವನ ಬಾಯಿಂದ ಬಂದ ದನಿ, ಅವಳು ಪಾಠ ಹೇಳುವ ಭಾನುವಾರದ ಸಾಲಿಯ ಮಕ್ಕಳಾಗಲಿ ಸ್ವತಃ ಅವಳಾಗಲಿ ಯಾವತ್ತೂ ಕೇಳಿದ್ದಲ್ಲ.

"ಮುಟ್ಟಿದಿ ಅಂದ್ರ ನೋಡ! ಸಿದ್ದಕ್ಕನ ಜಾಗಾ ಇದು, ಯಂಕವ್ವ ಮುದುಕಿಯಿಂದ ಬಂದದ್ದು. ಆಕಿ ಬರೂತನಾ ದೇವ್ರು ಬಂದ್ರೂ ನಾ ಏಳಂಗಿಲ್ಲ!"

ದೇವರ ಹೆಸರು ಹಾಗೆ ಎತ್ತಿದ್ದಕ್ಕೆ ನಾಲಿಗೆ ಕಚ್ಚಿಕೊಂಡಳು, ಆದರೆ ಗೋಣಿತಟ್ಟು ಬಿಡಲಿಲ್ಲ. ಅಮಸಿದ್ದಪ್ಪ ಗೊಣಗುತ್ತ ನಾಲ್ಕು ಮಾರು ಆಚೆ ಹೋಗಿ ಬಿಸಿಲಿನಲ್ಲಿ ಕೂತ. ಇದಿಷ್ಟೂ ನಡೆಯುವಾಗ ಬಾಗಲಕೋಟೆಯ ಬಸ್ಸು ಬಂದು ನಿಂತಿತ್ತು. ಅದರಿಂದ ಇಳಿದವರಲ್ಲಿ ಒಬ್ಬರು, ಮಲ್ಲಿನ ಧೋತರ, ಕರಿ ಟೊಪ್ಪಿಗೆ, ಸೀರೆಯ ಗಂಟು ಹಿಡಿದವರು, ನಡೆಯುತ್ತಿದ್ದ ಹಾಗೇ ನಿಂತರು. ರಬಕವಿಯ ಸೀರೆ ವ್ಯಾಪಾರದ ಗಿರಿಮಲ್ಲಪ್ಪ ಸಾವಕಾರರು. ಅಣ್ಣ ನೇಯ್ದ ಸೀರೆ ಕೊಳ್ಳುವವರು ಅವರೇ. "ಯಾರದು, ಸತ್ಯವ್ವ ಅಲ್ಲೇನು? ಇದೇನಬೇ ಇದು! ಫಾರಿನ್ನಿಗೆ ಹೊಂಟಿ ಅಂತ ಕೇಳಿದ್ದೆ?" ಎಂದರು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ, ಜಮಖಂಡಿಗೆ ಫೋಟೋ ತೆಗೆಸಲು ಹೋದವಳು ಬೀಳಗಿಯಲ್ಲಿ ಗೋಣಿ ಹಾಸಿ ಕೂತಿದ್ದಳು ಎಂದು. ಬೇರೆ ದಿನವಾಗಿದ್ದರೆ ನೆಲ ಬಾಯಿಬಿಡಲಿ ಅನ್ನುತ್ತಿದ್ದಳು. ಇವತ್ತು ಏಳಬೇಕು, ಎದ್ದು ನಿಂತು ಸೆರಗು ಸರಿಮಾಡಿಕೊಂಡು ಏನಾದರೂ ಒಂದು ಹೇಳಬೇಕು ಎಂದು ಮೈಯೆಲ್ಲ ಎಳೆಯುತ್ತಿದ್ದರೂ, ಎದ್ದರೆ ಜಾಗ ಹೋಗುತ್ತದಲ್ಲ. ಅಮಸಿದ್ದಪ್ಪ ಅತ್ತ ಕಡೆಯಿಂದ ನೋಡುತ್ತಲೇ ಇದ್ದ. "ಕುಂತಲ್ಲೇ ಮಾತಾಡ್ತೇನ್ರಿ ಸಾವಕಾರ್ರ, ಸಿಟ್ಟಾಗಬ್ಯಾಡ್ರಿ. ಒಬ್ಬಾಕಿ ಜಾಗಾ ಕಾಯಾಕತ್ತೇನಿ" ಎಂದಳು. ಸಾವಕಾರರು ಅವಳನ್ನೂ ಗೋಣಿತಟ್ಟನ್ನೂ ನೋಡಿ, ಏನೂ ತಿಳಿಯದೆ, "ಆತು, ಕಾಯಿ" ಎಂದು ಹೋದರು.

ಸಿದ್ದಕ್ಕ ಬಂದದ್ದು ಎರಡು ತಾಸಿಗೆ. ಬರುವುದೇ ಇಲ್ಲವೇನೋ, ಬರದಿದ್ದರೆ ತಾನೇ ಇಲ್ಲಿ ಇದ್ದುಬಿಡಬೇಕಾಗುತ್ತದೇನೋ ಎಂದು ಸತ್ಯವ್ವ ಅರ್ಧ ಹೆದರಿದ್ದಳು. ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು, ಒಗೆದ ಸೀರೆಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡು, ಹತ್ತು ವರ್ಷ ಸಣ್ಣವಳಾಗಿ ಬಂದಳು. ದೂರದಿಂದಲೇ ಮೂಲೆ ನೋಡಿದಳು, ಅಮಸಿದ್ದಪ್ಪನನ್ನು ನೋಡಿದಳು, ಒಮ್ಮೆ ತಲೆದೂಗಿದಳು. "ಸಣ್ಣಗ ಈಸಾಡಿ ಬಂದೆ. ನೀರು ಛಲೋ ಇತ್ತು" ಎಂದು ಅವಳ ಪಕ್ಕದಲ್ಲೇ, ಗೋಣಿತಟ್ಟಿನ ಮೇಲೆ ಕೂತಳು. ಏಳು ಎನ್ನಲಿಲ್ಲ. ಸತ್ಯವ್ವ ಚೀಲದಿಂದ ನೀಲಿ ಕಾಗದ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಸಮುದ್ರದಾಚೆಯ ಊರು, ಅಲ್ಲಿ ಬೀದಿಯಲ್ಲಿ ಮಲಗುವವರು, ತನ್ನನ್ನು ಕರೆದದ್ದು, ತಾನು ಬರೆದ ಸಾಕ್ಷಿ. ಮೈ ತೊಳೆದೆನು, ಹಾಲು ಕುಡಿಸಿದೆನು ಎಂದು ಬಂದಾಗ ಸಿದ್ದಕ್ಕನ ಹುಬ್ಬು ಏರಿತು.

"ಹಾಲೇನು? ಆಕಳದೋ ಎಮ್ಮಿದೋ?"

"ಅದನ್ನ ಬರದಿಲ್ಲ ಯಕ್ಕಾ."

ಸಿದ್ದಕ್ಕ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮುತ್ತಲೇ ಸತ್ಯವ್ವನ ತೊಡೆಗೆ ಬಡಿದಳು. "ಹಾಲು! ಅಯ್ಯ ನನ ಶಿವನೇ, ಹಾಲಂತ!" ಸತ್ಯವ್ವನಿಗೂ ನಗು ಬಂತು. ಮೊದಲು ನಾಚಿಕೆಗೆಂದು ಬಂದದ್ದು, ಆಮೇಲೆ ತಡೆಯಲಾಗದೆ ಬಂತು. ಇಬ್ಬರೂ ಗೋಡೆಗೆ ಆತು ನಕ್ಕರು, ಬಸ್ಸಿಗೆ ಕಾಯುವವರು ಹುಚ್ಚು ಹೆಂಗಸರನ್ನು ನೋಡಿದ ಹಾಗೆ ನೋಡಿದರು. ಕಡೆಗೆ ಸತ್ಯವ್ವ ಕಣ್ಣೊರೆಸಿಕೊಂಡು ಕೇಳಿದಳು. "ನೀ ಈಗ ಹೆಂಗದಿ ಅಂತ ಕೇಳ್ಯಾರ. ಏನು ಬರೀಲಿ?"

"ನಾ ಏನಾಗಬೇಕು ಅವರಿಗೆ?"

"ಏನೂ ಅಲ್ಲ."

ಸಿದ್ದಕ್ಕ ಕೂದಲಿನ ತುದಿ ಹಿಂಡುತ್ತ ಯೋಚಿಸಿದಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಯಾರೂ ಇದ್ದಿರಲಿಕ್ಕಿಲ್ಲ; ಉತ್ತರ ಸರಿಯಾಗಿರಬೇಕೆಂದು ಅವಳಿಗೆ ಅನ್ನಿಸಿದಂತಿತ್ತು. "ಬರಿ" ಎಂದಳು. "ಸಿದ್ದಕ್ಕ ಅದಾಳ." ಸತ್ಯವ್ವ ಬರೆದಳು. "ಬರದೀ? ನಿನ್ನಿಂದಲ್ಲ ಅಂತನೂ ಬರಿ."

ಪೆನ್ನು ಈ ಸಲ ನಿಲ್ಲಲಿಲ್ಲ, ತಾನಾಗಿ ಓಡಲೂ ಇಲ್ಲ. ಅವಳೇ ಒಂದೊಂದು ಅಕ್ಷರವನ್ನೂ ಕೈ ಹಿಡಿದು ನಡೆಸಿದ ಹಾಗೆ ಬರೆದಳು. ಅದರ ಕೆಳಗೆ, ನೂರಾ ಮೂರು ಜ್ವರವೆಂದು ತನಗೆ ಗೊತ್ತಿದ್ದದ್ದು, ಸೋಗು ಎಂದದ್ದು, ಗಂಜಿ ಸುರಿದದ್ದು, ಬಸ್ಸಿಗೆ ಕೈ ಬೀಸಿದ್ದು, ಯಂಕವ್ವ ಎಂಬ ಮುದುಕಿಯ ಹೆಸರು, ಎಲ್ಲವನ್ನೂ ಬರೆದಳು. ಕಡೆಗೆ ಒಂದು ಸಾಲು: 'ಇದನ್ನು ಕಮಿಟಿಯವರ ಮುಂದೆ ಓದಿರಿ. ಆಮೇಲೂ ಕರೆದರೆ ಬರುತ್ತೇನೆ. ಒಬ್ಬರ ಜಾಗ ಕಾಯಲು ನನಗೆ ಬರುತ್ತದೆ, ಇಂದು ಕಲಿತೆನು.' ಕರೆಯುತ್ತಾರೋ ಬಿಡುತ್ತಾರೋ ಯಾರಿಗೆ ಗೊತ್ತು. ಆ ಕೋಣೆ ಬಹುಶಃ ಇನ್ನೊಬ್ಬರಿಗೆ ಹೋಯಿತು. ಆ ಯೋಚನೆಯನ್ನು ಮುಟ್ಟಿ ನೋಡಿಕೊಂಡಳು. ನೋಯುತ್ತಿತ್ತು, ಆದರೆ ಸುಡುತ್ತಿರಲಿಲ್ಲ. ಹನ್ನೆರಡು ದಿನದಲ್ಲಿ ಮೊದಲ ಸಲ ಅವಳಿಗೆ ಹಸಿವಾಗಿತ್ತು, ರೊಟ್ಟಿಯನ್ನೆಲ್ಲ ಸಿದ್ದಕ್ಕ ತಿಂದು ಮುಗಿಸಿದ್ದಳು.

"ಓದ, ಕೇಳೂಣು" ಎಂದಳು ಸಿದ್ದಕ್ಕ. ಸತ್ಯವ್ವ ಮೊದಲಿನಿಂದ ಓದಿದಳು. ಗಂಜಿಯ ಮಾತು ಬಂದಾಗ ಸಿದ್ದಕ್ಕ ಕೈ ಎತ್ತಿ ನಿಲ್ಲಿಸಿದಳು. "ಥಣ್ಣನ ಗಂಜಿ ಅಂತ ಬರಿ." ಸತ್ಯವ್ವ ಸಾಲಿನ ಮೇಲೆ ಸಣ್ಣಗೆ ಆ ಮಾತನ್ನೂ ಸೇರಿಸಿ, ಮತ್ತೆ ಓದಿದಳು. ಸಿದ್ದಕ್ಕ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

"ಹಾಂ" ಎಂದಳು. "ಈಗ ಖರೆ ಆತು."